ಡಗ್ಗದ ದನಿ ಎಲ್ಲಿ ಹೋಯಿತು? — ಹಳೆಯ ಕಾರಿನ ಬಾಗಿಲಲ್ಲಿ ಒಂದು ಧ್ವನಿಪಾಠ

ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷಗಳಿಗೂ ಮಿಕ್ಕಿದ ಹಳೆಯ ಕಾರೊಂದು ಇದೆ. ಭಾಲ್ಕಿಗೂ ಬೀದರಕ್ಕೂ ನಡುವೆ ಇರುವ ಸುಮಾರು 40 ಕಿಲೋಮೀಟರುಗಳ ಹಾದಿಯಲ್ಲಿ ಅದು ನಮ್ಮನ್ನು ಹೊತ್ತು ತಿರುಗುವುದು. ನಿವೃತ್ತ ಶಿಕ್ಷಕರಾದ ನಮ್ಮ ತಂದೆಯವರು ಜೊತೆಯಲ್ಲಿದ್ದರೆ ದಾರಿಯುದ್ದಕ್ಕೂ ವಚನಗಾಯನ ನಡೆದಿರಲೇಬೇಕು. ಕಳೆದ ವರ್ಷ ಒಂದು ದಿನ ಅವರು ಇದ್ದಕ್ಕಿದ್ದಂತೆ, “ತಬಲಾ ಕೇಳಸ್ತದ, ಡಗ್ಗಾ ಕೇಳಸವಲ್ದು ನೋಡು” ಎಂದರು. ವಯಸ್ಸು ಎಪ್ಪತ್ತೈದು ದಾಟಿದವರ ಮಾತು. ಕಿವಿ ಮಂದವಾಗಿರಬೇಕೆಂದು ನಾವು ತೀರ್ಮಾನಿಸಿದೆವು. ವೈದ್ಯರಲ್ಲಿಗೆ ಕರೆದೊಯ್ದು ಶ್ರವಣ ಪರೀಕ್ಷೆಯನ್ನೂ ಮಾಡಿಸಿದೆವು. ಶ್ರವಣಯಂತ್ರವನ್ನು ಕೊಳ್ಳುವ ಮಾತೂ ಮನೆಯಲ್ಲಿ ನಡೆಯಿತು. ತಂದೆಯವರು ಏನನ್ನೂ ಹೇಳದೆ ಸುಮ್ಮನಾದರು. ಕಾರಿನಲ್ಲಿ ವಚನ ಹಾಕೆಂದು ಕೇಳುವುದನ್ನೂ ಬಿಟ್ಟರು.

ಇದಾದ ಎರಡು ತಿಂಗಳ ಮೇಲೆ, ಬಾಗಿಲಿನ ಗಾಜು ಇಳಿಯದೆ ತೊಂದರೆ ಕೊಡುತ್ತಿದ್ದುದರಿಂದ ಕಾರನ್ನು ಬೀದರದ ಕೊಳಾರ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಚಿಕ್ಕ ಶೆಡ್ಡಿಗೆ ಒಯ್ದೆವು. ಮಿಸ್ತ್ರಿಯವರು ಬಾಗಿಲಿನ ಒಳಹೊದಿಕೆಯನ್ನು ಬಿಚ್ಚಿದರು. ಒಳಗಿದ್ದ ಸ್ಪೀಕರನ್ನು ಬೆರಳಿನಿಂದ ಅಲುಗಿಸಿ, “ಸರ, ಸ್ಪೀಕರ್ ಚಲೋನೇ ಅದ. ರಿಂಗ್ ಹೋಗ್ಯಾದ, ನೋಡ್ರಿ” ಎಂದರು. ಸ್ಪೀಕರನ್ನು ಬಾಗಿಲಿನ ತಗಡಿಗೆ ಜೋಡಿಸುವ ಪ್ಲಾಸ್ಟಿಕ್ಕಿನ ಬಳೆ ಮೂರು ಕಡೆ ಸೀಳಿತ್ತು. ಅದಕ್ಕೂ ತಗಡಿಗೂ ನಡುವೆ ಇದ್ದ ಫೋಮ್ ಪುಡಿಪುಡಿಯಾಗಿ ಉದುರಿತ್ತು. ಅವರು ಒಂದು ಹಳೆಯ ಬಟ್ಟೆಯನ್ನು ಸಂದಿಗೆ ತುರುಕಿ, ಸ್ಪೀಕರನ್ನು ಅಂಗೈಯಿಂದ ಅದುಮಿ ಹಿಡಿದು, ಹಾಡು ಹಚ್ಚಲು ಹೇಳಿದರು. ಡಗ್ಗದ ದನಿ ಎದೆಗೆ ತಾಕುವಂತೆ ಎದ್ದು ಬಂದಿತು.

ದೋಷವಿದ್ದುದು ಕಾರಿನ ಬಾಗಿಲಿನಲ್ಲಿ, ತಂದೆಯವರ ಕಿವಿಯಲ್ಲಲ್ಲ. ತರಂಗಗಳ ವ್ಯತಿಕರಣವನ್ನು ವರ್ಷವರ್ಷವೂ ತರಗತಿಯಲ್ಲಿ ಬೋಧಿಸುವ ನಮಗೆ ಇದು ಹೊಳೆಯದೆ ಹೋದುದೇಕೆ? ಈ ಪ್ರಶ್ನೆಯೇ ಪ್ರಸ್ತುತ ಲೇಖನಕ್ಕೆ ಕಾರಣವಾಯಿತು.

ಧ್ವನಿವರ್ಧಕದ ಎರಡು ಮುಖಗಳು

ಧ್ವನಿವರ್ಧಕದ ರಚನೆ ಸರಳವಾದುದು. ಒಂದು ಶಾಶ್ವತ ಕಾಂತದ ಧ್ರುವಗಳ ನಡುವಣ ಕಿರಿದಾದ ಸಂದಿನಲ್ಲಿ ತಂತಿಯ ಸುರುಳಿಯೊಂದು ತೂಗುತ್ತಿರುವುದು. ಸುರುಳಿಯಲ್ಲಿ ವಿದ್ಯುತ್ಪ್ರವಾಹ ಹರಿದೊಡನೆ ಅದರ ಮೇಲೆ ಬಲವುಂಟಾಗುತ್ತದೆ. ಪ್ರವಾಹದ ದಿಕ್ಕು ತಿರುಗಿದರೆ ಬಲದ ದಿಕ್ಕೂ ತಿರುಗುತ್ತದೆ. ಸುರುಳಿಗೆ ಅಂಟಿಸಿದ ಕಾಗದದ ಅಥವಾ ಪ್ಲಾಸ್ಟಿಕ್ಕಿನ ಶಂಕು ಹೀಗೆ ಹಿಂದಕ್ಕೂ ಮುಂದಕ್ಕೂ ಚಲಿಸಿ ಗಾಳಿಯನ್ನು ತಳ್ಳುವುದು. ಚಲಿಸುವ ಸುರುಳಿಯ ಕಲ್ಪನೆಗೆ ಇಂಗ್ಲೆಂಡಿನ ಆಲಿವರ್ ಲಾಡ್ಜ್ 1898ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಎಂಬ ಇಬ್ಬರು ಎಂಜಿನಿಯರರು 1925ರಲ್ಲಿ ಪ್ರಕಟಿಸಿದ ಲೇಖನದಿಂದ ಇಂದಿನ ರೂಪದ ಧ್ವನಿವರ್ಧಕಕ್ಕೆ ತಳಹದಿ ಬಿದ್ದಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಶಂಕುವಿಗೆ ಮುಂಭಾಗವಿರುವಂತೆ ಹಿಂಭಾಗವೂ ಉಂಟು. ಶಂಕು ಮುಂದಕ್ಕೆ ಸರಿದಾಗ ಮುಂದಿನ ಗಾಳಿ ಒತ್ತಲ್ಪಡುತ್ತದೆ. ಅದೇ ಕ್ಷಣದಲ್ಲಿ ಹಿಂದಿನ ಗಾಳಿ ವಿರಳವಾಗುತ್ತದೆ. ಮುಂದೆ ಸಂಪೀಡನವಾದರೆ ಹಿಂದೆ ವಿರಳನ. ಆದುದರಿಂದ ಎರಡು ಮುಖಗಳಿಂದ ಹೊರಡುವ ತರಂಗಗಳು ಒಂದಕ್ಕೊಂದು ಪೂರ್ಣ ವಿರುದ್ಧವಾದ ಹಂತದಲ್ಲಿರುತ್ತವೆ. ಇವೆರಡೂ ಕೂಡಿಕೊಳ್ಳಲು ಅವಕಾಶ ದೊರೆತರೆ ಪರಸ್ಪರ ಅಳಿಸಿಹಾಕಿಕೊಳ್ಳುವುವು. ಹಳ್ಳಿಯ ಬಾವಿಯ ಗಡಗಡೆಗೆ ಎರಡು ಕಡೆಯೂ ಸಮನಾದ ಕೊಡಗಳನ್ನು ಕಟ್ಟಿದರೆ ಹಗ್ಗ ಎತ್ತಲೂ ಸರಿಯದಿರುವಂತೆಯೇ ಇದು.

ಹಾಗಾದರೆ ಎಲ್ಲ ಸ್ವರಗಳೂ ಅಳಿಸಿಹೋಗಬೇಕಲ್ಲವೆ? ಡಗ್ಗ ಮಾತ್ರ ಮಾಯವಾಗಿ ತಬಲಾ ಉಳಿದುದೇಕೆ? ಇದಕ್ಕೆ ಉತ್ತರ ತರಂಗದೂರದಲ್ಲಿದೆ.

ಒಂದು ಚಿಕ್ಕ ಲೆಕ್ಕ

ಶಬ್ದದ ವೇಗವನ್ನು ಆವೃತ್ತಿಯಿಂದ, ಎಂದರೆ ಸೆಕೆಂಡಿಗೆ ಆಗುವ ಕಂಪನಗಳ ಸಂಖ್ಯೆಯಿಂದ, ಭಾಗಿಸಿದರೆ ತರಂಗದೂರ ದೊರೆಯುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರುಗಳು. ಡಗ್ಗದ ಗಂಭೀರ ನಾದ 100 ಹರ್ಟ್ಸಿನ ಆಸುಪಾಸಿನದೆಂದು ಇಟ್ಟುಕೊಳ್ಳೋಣ. ಅದರ ತರಂಗದೂರ 3.4 ಮೀಟರು. 1000 ಹರ್ಟ್ಸಿನ ಸ್ವರಕ್ಕಾದರೆ ಅದು 34 ಸೆಂಟಿಮೀಟರು ಮಾತ್ರ.

ಈಗ ಯಾವ ಆವರಣವೂ ಇಲ್ಲದ ಬರಿಯ ಸ್ಪೀಕರೊಂದನ್ನು ಎದುರಿಗೆ ಹಿಡಿದಿರುವೆವೆಂದು ಭಾವಿಸೋಣ. ಕಾರಿನ ಬಾಗಿಲುಗಳಲ್ಲಿ ಸಾಮಾನ್ಯವಾಗಿ ಬಳಸುವ ಆರೂವರೆ ಇಂಚಿನ ಸ್ಪೀಕರಿನ ವ್ಯಾಸ 16.5 ಸೆಂಟಿಮೀಟರು. ಹಿಂದಿನಿಂದ ಹೊರಟ ತರಂಗ ಅಂಚನ್ನು ಬಳಸಿ ಮುಂದಕ್ಕೆ ಬರಲು ಸುಮಾರು 17 ಸೆಂಟಿಮೀಟರು ಹೆಚ್ಚಾಗಿ ನಡೆಯಬೇಕೆನ್ನೋಣ. ವಿರುದ್ಧ ಹಂತದ ಎರಡು ಸಮಾನ ತರಂಗಗಳು ಹೀಗೆ ಕೂಡಿದಾಗ ಬರುವ ಮೊತ್ತದ ಪಾರವನ್ನು, ಎಂದರೆ ಕಂಪನದ ಗರಿಷ್ಠ ಅಳತೆಯನ್ನು, ಕಂಡುಹಿಡಿಯಲು ಒಂದು ಸುಲಭ ಸೂತ್ರವಿದೆ. ಹೆಚ್ಚಿನ ದಾರಿಯನ್ನು ತರಂಗದೂರದಿಂದ ಭಾಗಿಸಿ 180 ಡಿಗ್ರಿಯಿಂದ ಗುಣಿಸಿರಿ. ಬಂದ ಕೋನದ ಸೈನ್ ಬೆಲೆಯನ್ನು ಎರಡರಿಂದ ಗುಣಿಸಿರಿ. ಮುಂಭಾಗದ ತರಂಗವೊಂದೇ ಇದ್ದಿದ್ದರೆ ದೊರೆಯುತ್ತಿದ್ದ ಪಾರದ ಎಷ್ಟು ಪಟ್ಟು ಈಗ ದೊರೆಯುವುದೆಂಬುದು ಇದರಿಂದ ತಿಳಿಯುತ್ತದೆ.

50 ಹರ್ಟ್ಸಿಗೆ ಕೋನ 4.5 ಡಿಗ್ರಿ, ಮೊತ್ತ 0.16.
100 ಹರ್ಟ್ಸಿಗೆ ಕೋನ 9 ಡಿಗ್ರಿ, ಮೊತ್ತ 0.31.
200 ಹರ್ಟ್ಸಿಗೆ ಕೋನ 18 ಡಿಗ್ರಿ, ಮೊತ್ತ 0.62.
1000 ಹರ್ಟ್ಸಿಗೆ ಕೋನ 90 ಡಿಗ್ರಿ, ಮೊತ್ತ 2.

ಶಬ್ದದ ತೀವ್ರತೆ ಪಾರದ ವರ್ಗಕ್ಕೆ ಅನುಗುಣವಾದುದರಿಂದ, 100 ಹರ್ಟ್ಸಿನಲ್ಲಿ ಉಳಿಯುವುದು ಹತ್ತರಲ್ಲಿ ಒಂದು ಪಾಲು. 50 ಹರ್ಟ್ಸಿನಲ್ಲಿ ನಲವತ್ತರಲ್ಲಿ ಒಂದು ಪಾಲು. 1000 ಹರ್ಟ್ಸಿನಲ್ಲಾದರೋ ಎರಡು ತರಂಗಗಳೂ ಒಂದನ್ನೊಂದು ಪುಷ್ಟಿಗೊಳಿಸುತ್ತವೆ! ಮಂದ್ರ ಸ್ವರಗಳು ಸಾಯುವುದೂ ಉಳಿದವು ಬದುಕುವುದೂ ಈ ಕಾರಣದಿಂದಲೇ.

ಕಾರಿನ ಬಾಗಿಲಿನಲ್ಲಿ ಸ್ಥಿತಿ ಇಷ್ಟು ಕೆಟ್ಟದಾಗಿರುವುದಿಲ್ಲ. ಅಲ್ಲಿ ತಗಡು ಒಂದು ಗೋಡೆಯಂತೆ ನಿಂತು ಹಿಂಭಾಗದ ತರಂಗವನ್ನು ಬಾಗಿಲಿನ ಪೊಳ್ಳಿನಲ್ಲಿಯೇ ತಡೆದಿಡುತ್ತದೆ. ಆದರೆ ಗೋಡೆಯಲ್ಲಿ ಬಿರುಕು ಬಿಟ್ಟರೆ? ಸ್ಪೀಕರಿನ ಸುತ್ತಳತೆ ಸುಮಾರು 52 ಸೆಂಟಿಮೀಟರು. ಅದರ ಅರ್ಧದಷ್ಟು ಉದ್ದಕ್ಕೆ 3 ಮಿಲಿಮೀಟರು ಅಗಲದ ಸಂದು ಬಿದ್ದರೂ ಸುಮಾರು 8 ಚದರ ಸೆಂಟಿಮೀಟರಿನ ಕಿಂಡಿಯಾದಂತಾಯಿತು. ಮಂದ್ರ ಸ್ವರದಲ್ಲಿ ಗಾಳಿಗೆ ಅತ್ತಿಂದಿತ್ತ ನುಸುಳಲು ಸಾಕಷ್ಟು ಕಾಲಾವಕಾಶವಿರುತ್ತದೆ. ತಾರ ಸ್ವರದಲ್ಲಿ ಸಂದಿನೊಳಗಿನ ಗಾಳಿಯ ಜಡತ್ವವೇ ಅದನ್ನು ತಡೆದು ನಿಲ್ಲಿಸುತ್ತದೆ. ಹೀಗಾಗಿ ಬಿರುಕು ಕದಿಯುವುದು ಡಗ್ಗದ ದನಿಯನ್ನೇ.

ಓದಲು ಮರೆತ ಕಾಗದ

ನಮ್ಮ ತಪ್ಪಿನ ಅಳತೆ ಈಗ ವಾಚಕರಿಗೆ ಗೊತ್ತಾಗಿರಬೇಕು. ವಯಸ್ಸಾದಂತೆ ಮನುಷ್ಯನ ಕಿವಿ ಮೊದಲು ಕಳೆದುಕೊಳ್ಳುವುದು ತಾರ ಸ್ವರಗಳನ್ನು. ಒಳಕಿವಿಯ ಶಂಖಾಕೃತಿಯ ನಾಳದಲ್ಲಿ ತಾರ ಸ್ವರಗಳನ್ನು ಗ್ರಹಿಸುವ ಕೂದಲಕೋಶಗಳು ಬುಡದಲ್ಲಿಯೂ ಮಂದ್ರ ಸ್ವರಗಳನ್ನು ಗ್ರಹಿಸುವವು ತುದಿಯಲ್ಲಿಯೂ ಇರುತ್ತವೆ. ಬುಡದ ಕೋಶಗಳು ಸಾಮಾನ್ಯವಾಗಿ ಮೊದಲು ಸವೆಯುತ್ತವೆ. ನಮ್ಮ ತಂದೆಯವರ ಪರೀಕ್ಷೆಯ ಕಾಗದದಲ್ಲಿಯೂ ರೇಖೆ 250 ಹರ್ಟ್ಸಿನಿಂದ 2000ದವರೆಗೆ ನೆಟ್ಟಗಿದ್ದು, 4000 ಮತ್ತು 8000ದ ಕಡೆಗೆ ಇಳಿಜಾರಾಗಿತ್ತು. ಅಂಥ ಕಿವಿಗೆ ತಬಲಾದ ಕಿಣಿಕಿಣಿ ಮಸುಕಾಗಬಹುದೇ ಹೊರತು ಡಗ್ಗದ ಗುಂಕಾರ ಮಾಯವಾಗಲಾರದು. ಅವರು ಹೇಳಿದುದು ಇದಕ್ಕೆ ತಿರುಗುಮುರುಗಾಗಿತ್ತು. ಜೊತೆಗೆ, ಮನೆಯ ರೇಡಿಯೋದಲ್ಲಿ ಡಗ್ಗ ಕೇಳಿಸುವುದೇ ಇಲ್ಲವೇ ಎಂದು ನಾವು ಒಮ್ಮೆಯೂ ಅವರನ್ನು ವಿಚಾರಿಸಲಿಲ್ಲ.

ಕಾರಿನಲ್ಲಿ ವಾರ್ತೆ ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿದ್ದುದೂ ನಮ್ಮನ್ನು ಮೋಸಗೊಳಿಸಿತು. ಮಾತನ್ನು ಅರ್ಥಮಾಡಿಕೊಳ್ಳಲು ಮಂದ್ರ ಸ್ವರಗಳ ಅಗತ್ಯ ಅಷ್ಟಾಗಿ ಇಲ್ಲ. ಹಳೆಯ ದೂರವಾಣಿ ವ್ಯವಸ್ಥೆ ಸುಮಾರು 300ರಿಂದ 3400 ಹರ್ಟ್ಸಿನವರೆಗಿನ ಸ್ವರಗಳನ್ನಷ್ಟೇ ಸಾಗಿಸುತ್ತಿತ್ತು. ಆದರೂ ಜನ ಲೋಕದ ವ್ಯವಹಾರವನ್ನೆಲ್ಲ ಅದರಲ್ಲಿ ನಡೆಸಿದರು. ಆದುದರಿಂದ ಮಾತು ಕೇಳಿಸಿತೆಂದ ಮಾತ್ರಕ್ಕೆ ಸ್ಪೀಕರಿನ ಜೋಡಣೆ ಸರಿಯಾಗಿದೆಯೆಂದು ತಿಳಿಯಲಾಗದು.

ಬಳೆಯ ಮೂರು ಕೆಲಸಗಳು

ಪೇಟೆಯಲ್ಲಿ ಈ ಬಳೆಯನ್ನು ಸ್ಪೀಕರ್ ರಿಂಗ್ ಎಂದೂ, ಅಡಾಪ್ಟರ್ ಎಂದೂ, ಸ್ಪೇಸರ್ ಎಂದೂ ಕರೆಯುವರು. ಅದರ ಮೊದಲನೆಯ ಕೆಲಸ ಹೊಂದಿಕೆ. ಬಾಗಿಲಿನ ತೂತಿನ ಆಕಾರವೂ ಸ್ಕ್ರೂಗಳ ಸ್ಥಾನವೂ ಒಂದು ಬಗೆಯಾದರೆ, ಕೊಂಡುತಂದ ಸ್ಪೀಕರಿನದು ಮತ್ತೊಂದು ಬಗೆ. ಇವೆರಡನ್ನೂ ರಿಂಗ್ ಕೂಡಿಸುತ್ತದೆ. ಎರಡನೆಯದು ಅಂತರ. ಗಾಜು ಕೆಳಗಿಳಿದಾಗ ಸ್ಪೀಕರಿನ ಕಾಂತಕ್ಕೆ ತಾಗದಂತೆ ರಿಂಗ್ ಅದನ್ನು ಮುಂದಕ್ಕೆ ಎತ್ತಿ ಹಿಡಿಯುವುದು. ಮೂರನೆಯದು ಮುಚ್ಚಿಗೆ. ಮುಂದಿನ ಗಾಳಿಯನ್ನೂ ಹಿಂದಿನ ಗಾಳಿಯನ್ನೂ ಬೇರ್ಪಡಿಸಿ, ಸ್ಪೀಕರನ್ನು ಅಲುಗದಂತೆ ಹಿಡಿಯುವುದು.

ಅಲುಗದಂತೆ ಹಿಡಿಯುವುದು ಹಗುರವಾದ ಕೆಲಸವೆಂದು ತಿಳಿಯಬಾರದು. ಶಂಕು ಮತ್ತು ಸುರುಳಿಯ ದ್ರವ್ಯರಾಶಿ 15 ಗ್ರಾಂ ಇದ್ದು, ಅವು 60 ಹರ್ಟ್ಸಿನಲ್ಲಿ 3 ಮಿಲಿಮೀಟರು ಪಾರದಿಂದ ಕಂಪಿಸುತ್ತಿವೆಯೆನ್ನೋಣ. ಗರಿಷ್ಠ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ ಸುಮಾರು 426 ಮೀಟರಾಗುತ್ತದೆ. ಅದಕ್ಕೆ ಬೇಕಾದ ಬಲ 6.4 ನ್ಯೂಟನ್. ನ್ಯೂಟನ್ನನ ಮೂರನೆಯ ನಿಯಮದಂತೆ ಇಷ್ಟೇ ಪ್ರತಿಬಲ ಸ್ಪೀಕರಿನ ಚೌಕಟ್ಟಿನ ಮೇಲೆ ಬೀಳುವುದು. ಎಂದರೆ 650 ಗ್ರಾಂ ತೂಕದಷ್ಟು ಬಲ ಸೆಕೆಂಡಿಗೆ 60 ಸಲ ಮುಂದಕ್ಕೂ ಹಿಂದಕ್ಕೂ ರಿಂಗನ್ನು ಎಳೆದಾಡುತ್ತದೆ. ಸಡಿಲವಾದ ರಿಂಗ್ ಗರಗರನೆ ಸದ್ದು ಮಾಡುವುದರಲ್ಲಿ ಆಶ್ಚರ್ಯವೇನಿದೆ?

ಅದು ಸವೆಯುವುದೇಕೆ?

ಮೊದಲನೆಯ ಕಾರಣ ಬಿಸಿಲು. ಬೀದರದ ಬೇಸಿಗೆಯಲ್ಲಿ ನೆರಳಿನ ಉಷ್ಣತೆಯೇ 40 ಡಿಗ್ರಿಯನ್ನು ಮುಟ್ಟುವುದುಂಟು. ಬಯಲಿನಲ್ಲಿ ನಿಲ್ಲಿಸಿದ ಕಾರಿನ ಬಾಗಿಲು ಅದಕ್ಕಿಂತಲೂ ಬಹಳ ಬಿಸಿಯಾಗುತ್ತದೆ. ಎಬಿಎಸ್ ಎಂಬ ಪ್ಲಾಸ್ಟಿಕ್ಕು ಒಂದು ಡಿಗ್ರಿಗೆ ತನ್ನ ಉದ್ದದ ದಶಲಕ್ಷದಲ್ಲಿ ಸುಮಾರು 90 ಭಾಗದಷ್ಟು ಹಿಗ್ಗಿದರೆ, ಉಕ್ಕು ಹಿಗ್ಗುವುದು 12 ಭಾಗದಷ್ಟು ಮಾತ್ರ. 16 ಸೆಂಟಿಮೀಟರು ವ್ಯಾಸದ ರಿಂಗು 40 ಡಿಗ್ರಿಯಷ್ಟು ಬಿಸಿಯಾದಾಗ, ತಗಡಿಗಿಂತ ಅರ್ಧ ಮಿಲಿಮೀಟರು ಹೆಚ್ಚು ಹಿಗ್ಗಲು ಹವಣಿಸುತ್ತದೆ. ಸ್ಕ್ರೂಗಳು ಬಿಡುವುದಿಲ್ಲ. ಹಗಲು ಹಿಗ್ಗಿ ಇರುಳು ಕುಗ್ಗುವ ಈ ಜಗ್ಗಾಟ ವರ್ಷಗಟ್ಟಲೆ ನಡೆದು ಸ್ಕ್ರೂತೂತುಗಳ ಬಳಿ ಸೀಳುಗಳು ಹುಟ್ಟುತ್ತವೆ. ಬಾಗಿಲನ್ನು ದಢಾರನೆ ಹಾಕುವ ನಮ್ಮ ಅಭ್ಯಾಸ ಅವನ್ನು ಬೆಳೆಸುತ್ತದೆ.

ಎರಡನೆಯದು ನೀರು. ಮಳೆಯ ನೀರು ಗಾಜಿನ ಅಂಚಿನಿಂದ ಬಾಗಿಲಿನೊಳಕ್ಕೆ ಇಳಿದು ತಳದ ತೂತುಗಳಿಂದ ಹರಿದು ಹೋಗುವಂತೆಯೇ ಬಾಗಿಲುಗಳನ್ನು ರಚಿಸಿರುತ್ತಾರೆ. ಎಂಡಿಎಫ್ ಹಲಗೆಯ ರಿಂಗಾದರೆ ಈ ತೇವವನ್ನು ಹೀರಿ ಊದಿಕೊಂಡು ಪದರುಪದರಾಗುವುದು. ಜಂಬಿಟ್ಟಿಗೆಯ ನಾಡಾದ ನಮ್ಮಲ್ಲಿ ನುಣುಪಾದ ಕೆಂಪು ಧೂಳು ಈ ತೇವದೊಡನೆ ಸೇರಿ ತಳದ ತೂತುಗಳನ್ನು ಕಟ್ಟುತ್ತದೆ; ಆಗ ನೀರು ಒಳಗೇ ನಿಂತು ತಗಡೂ ತುಕ್ಕು ಹಿಡಿಯುತ್ತದೆ.

ಬದಲಿಸುವ ಕ್ರಮ

ಮೊದಲು ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಬೇಕು. ಪಕ್ಕದ ಏರ್‌ಬ್ಯಾಗುಗಳಿರುವ ಹೊಸ ಕಾರುಗಳಲ್ಲಿ ಸಂವೇದಕಗಳು ಬಾಗಿಲಿನಲ್ಲಿಯೇ ಇರಬಹುದಾದ್ದರಿಂದ ಅವನ್ನು ಬಲ್ಲವರಿಗೇ ಬಿಡುವುದು ಒಳ್ಳೆಯದು. ಹಳೆಯ ಕಾರಿನಲ್ಲಿ ಹಿಡಿಕೆಯ ಹಿಂದೆ ಅಡಗಿರುವ ಸ್ಕ್ರೂಗಳನ್ನು ತೆಗೆಯಿರಿ. ಗಾಜು ಇಳಿಸುವ ಕೈತಿರುಪಿನ ಹಿಂದೆ ಒಂದು ಸ್ಪ್ರಿಂಗ್ ಕ್ಲಿಪ್ ಇರುತ್ತದೆ. ತಿರುಪಿನ ಹಿಂದೆ ಬಟ್ಟೆಯ ಪಟ್ಟಿಯೊಂದನ್ನು ತೂರಿಸಿ ಎಡಕ್ಕೂ ಬಲಕ್ಕೂ ಎಳೆದರೆ ಕ್ಲಿಪ್ ಹೊರಬರುವುದು. ಒಳಹೊದಿಕೆಯ ಗುಂಡಿಗಳನ್ನು ಒಂದೊಂದಾಗಿ, ಗುಂಡಿಯ ಬಳಿಯಲ್ಲಿಯೇ ಮೀಟಿ ಬಿಡಿಸಬೇಕು. ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ ಬಿಡಿಸಿರಿ. ಅದೂ ನೀರನ್ನೂ ಗಾಳಿಯನ್ನೂ ತಡೆಯುವ ಗೋಡೆಯ ಭಾಗವೇ ಆಗಿದೆ.

ಹಳೆಯ ರಿಂಗನ್ನು ಎಸೆಯುವ ಮುನ್ನ ರಟ್ಟಿನ ಮೇಲಿಟ್ಟು ಅದರ ಅಚ್ಚನ್ನು ಗೀಚಿಕೊಳ್ಳಿ. ಗಾಜನ್ನು ಪೂರ್ಣವಾಗಿ ಇಳಿಸಿ, ತಗಡಿನಿಂದ ಗಾಜಿನವರೆಗಿನ ಆಳವನ್ನು ಅಳೆಯಿರಿ. ಸ್ಪೀಕರಿನ ಚೌಕಟ್ಟಿನಿಂದ ಕಾಂತದ ತುದಿಯವರೆಗಿನ ಆಳದಲ್ಲಿ ಇದನ್ನು ಕಳೆದು, ಕೆಲವು ಮಿಲಿಮೀಟರು ಬಿಡುವು ಸೇರಿಸಿದರೆ ರಿಂಗಿಗೆ ಬೇಕಾದ ಕನಿಷ್ಠ ದಪ್ಪ ತಿಳಿಯುವುದು. ನಮ್ಮ ಕಾರಿಗೆ 12 ಮಿಲಿಮೀಟರು ಸಾಕಾಯಿತು.

ತಯಾರಾದ ರಿಂಗ್ ದೊರೆಯದಿದ್ದರೆ ಮಾಡಿಕೊಳ್ಳಬಹುದು. ತೇವವನ್ನು ಹೀರದ ಎಚ್‌ಡಿಪಿಇ ಹಲಗೆ ಉತ್ತಮ. ಮರೈನ್ ಪ್ಲೈವುಡ್ಡೂ ಆಗುವುದು. ಆದರೆ ಕತ್ತರಿಸಿದ ಅಂಚುಗಳಿಗೆ ಎರಡು ಮೂರು ಸಲ ವಾರ್ನಿಷ್ ಹಚ್ಚಲೇಬೇಕು. ಕತ್ತರಿಸುವಾಗ ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಇರಲಿ. ನಮ್ಮ ಮಿಸ್ತ್ರಿಯವರು ಎಚ್‌ಡಿಪಿಇ ತುಂಡನ್ನು ಲೇತಿನಲ್ಲಿ ಕೊರೆದು ಕೊಟ್ಟರು.

ತಗಡಿನ ತುಕ್ಕನ್ನು ಉಜ್ಜಿ ಬಣ್ಣ ಹಚ್ಚಿ, ತಳದ ತೂತುಗಳನ್ನು ಚೊಕ್ಕಟ ಮಾಡಿರಿ. ರಿಂಗಿನ ಎರಡು ಮುಖಗಳಿಗೂ ಫೋಮ್ ಪಟ್ಟಿಯನ್ನು ಸುತ್ತು ಪೂರ್ತಿ ಅಂಟಿಸಬೇಕು. ಒಂದು ಮುಖ ತಗಡಿಗೆ, ಇನ್ನೊಂದು ಸ್ಪೀಕರಿಗೆ. ಸಡಿಲವಾದ ತೂತಿಗೆ ಇನ್ನೂ ದಪ್ಪನೆಯ ಸ್ಕ್ರೂ ತುರುಕುವುದಕ್ಕಿಂತ ವಾಷರು ಹಾಕಿದ ಬೋಲ್ಟು ನಟ್ಟುಗಳು ಮೇಲು. ಚಕ್ರದ ನಟ್ಟುಗಳಂತೆ ಇವನ್ನೂ ಎದುರುಬದುರಾಗಿ, ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ಬಿದರಿಯ ಕುಶಲಿಗಳು ಕೊರೆದ ಗೀರಿನೊಳಕ್ಕೆ ಬೆಳ್ಳಿಯ ತಂತಿಯನ್ನು ಕೂರಿಸುವಾಗ ಎಳೆಯಷ್ಟೂ ಸಂದು ಬಿಡುವುದಿಲ್ಲ. ಇಲ್ಲಿಯೂ ಫಲವೆಲ್ಲ ಸಂದು ಬಿಡದಿರುವುದರಲ್ಲಿಯೇ ಇದೆ.

ತಂತಿ ಜೋಡಿಸುವಾಗ ಧನ ಋಣಗಳನ್ನು ನೋಡಿಕೊಳ್ಳಬೇಕು. ಗುರುತು ಅಳಿಸಿಹೋಗಿದ್ದರೆ, ಬಿಚ್ಚಿಟ್ಟ ಸ್ಪೀಕರಿಗೆ 1.5 ವೋಲ್ಟಿನ ಟಾರ್ಚ್ ಸೆಲ್ಲನ್ನು ಕ್ಷಣಮಾತ್ರ ತಾಗಿಸಿರಿ. ಶಂಕು ಮುಂದಕ್ಕೆ ನೆಗೆದರೆ ಸೆಲ್ಲಿನ ಧನಕ್ಕೆ ತಾಗಿದ ತುದಿಯೇ ಸ್ಪೀಕರಿನ ಧನ. ಎಡಬಲದ ಸ್ಪೀಕರುಗಳಲ್ಲಿ ಒಂದನ್ನು ತಿರುಗುಮುರುಗಾಗಿ ಜೋಡಿಸಿದರೆ ಒಂದು ತಳ್ಳುವಾಗ ಮತ್ತೊಂದು ಎಳೆಯುವುದು. ಮಂದ್ರ ಸ್ವರ ಮತ್ತೆ ಅಳಿಯುವುದು. ಹಿಂದೆ ಹೇಳಿದ ವ್ಯತಿಕರಣವೇ ಬೇರೊಂದು ವೇಷದಲ್ಲಿ ಬಂದಂತಾಯಿತು.

ಒಳಹೊದಿಕೆಯನ್ನು ಮುಚ್ಚುವ ಮೊದಲು ಗಾಜನ್ನು ಪೂರ್ಣ ಏರಿಸಿ ಇಳಿಸಿ ನೋಡಿರಿ. ಬ್ಯಾಟರಿಯನ್ನು ಜೋಡಿಸಿ 40ರಿಂದ 200 ಹರ್ಟ್ಸಿನವರೆಗೆ ಮೆಲ್ಲನೆ ಏರುವ ಸ್ವರವೊಂದನ್ನು ಮೊಬೈಲಿನಿಂದ ಹಚ್ಚಿ, ಸ್ಪೀಕರಿನ ಸುತ್ತ ಅಂಗೈಯನ್ನಾಡಿಸಿರಿ. ಗಾಳಿ ನುಸುಳುವ ಕಡೆ ಅಂಗೈಗೆ ತಿಳಿಯುತ್ತದೆ. ತಗಡು ಗುಂಯ್‌ಗುಡುವ ಆವೃತ್ತಿಯೊಂದು ಸಿಕ್ಕರೆ ಅದು ತಗಡಿನ ಅನುರಣನೆ. ಅಲ್ಲಿ ಅಂಟುಪಟ್ಟಿಯ ತುಂಡೊಂದನ್ನು ಒತ್ತಿದರೆ ಅಡಗುವುದು. ಬಳಿಕ ಪ್ಲಾಸ್ಟಿಕ್ ಹಾಳೆಯನ್ನು ಮರೆಯದೆ ಮೊದಲಿನಂತೆ ಅಂಟಿಸಿ ಹೊದಿಕೆಯನ್ನು ಕೂರಿಸಿರಿ.

ವಿದ್ಯಾರ್ಥಿಗಳಿಗೆ

ಕಾರಿಲ್ಲದ ವಿದ್ಯಾರ್ಥಿಗಳು ನಿರಾಶರಾಗಬೇಕಿಲ್ಲ. ಕೆಟ್ಟ ರೇಡಿಯೋದಿಂದ ಸ್ಪೀಕರೊಂದನ್ನು ಬಿಡಿಸಿ, ಚಿಕ್ಕ ಆಂಪ್ಲಿಫೈಯರಿಗೆ ಜೋಡಿಸಿ, ಮೃದಂಗ ಅಥವಾ ತಬಲಾ ಇರುವ ಹಾಡನ್ನು ಹಚ್ಚಿರಿ. ದೊಡ್ಡದೊಂದು ದಪ್ಪ ರಟ್ಟಿನ ನಡುವೆ ಸ್ಪೀಕರಿನ ಅಳತೆಯ ತೂತು ಕೊರೆದು, ಸ್ಪೀಕರನ್ನು ತೂತಿಗೆ ಒತ್ತಿ ಹಿಡಿಯಿರಿ, ತೆಗೆಯಿರಿ, ಮತ್ತೆ ಹಿಡಿಯಿರಿ. ರಟ್ಟು ವಿದ್ಯುತ್ತನ್ನು ಕೊಡುವುದಿಲ್ಲ, ಶಕ್ತಿಯನ್ನು ಸೃಷ್ಟಿಸುವುದೂ ಇಲ್ಲ. ಆದರೂ ದನಿ ತುಂಬಿಕೊಳ್ಳುವುದು. ಬಳಿಕ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಿರಿ: ಒಂದು ಮೀಟರು ಅಗಲದ ಚೌಕ ರಟ್ಟನ್ನು ಬಳಸಿ ಹಿಂದಿನ ತರಂಗದ ಹೆಚ್ಚಿನ ದಾರಿ ಒಂದು ಮೀಟರಾದರೆ, 100 ಹರ್ಟ್ಸಿನಲ್ಲಿ ಮೊತ್ತದ ಪಾರ ಎಷ್ಟು ಪಟ್ಟಾಗುವುದು? ಒಂದೂವರೆ ಪಟ್ಟಿಗಿಂತ ಹೆಚ್ಚೆಂದು ನಿಮ್ಮ ಲೆಕ್ಕ ತೋರಿಸಬೇಕು.

ರಿಂಗ್ ಬದಲಿಸಿದ ಮರುದಿನ ತಂದೆಯವರನ್ನು ಕಾರಿನಲ್ಲಿ ಕೂರಿಸಿಕೊಂಡು ಭಾಲ್ಕಿಗೆ ಹೊರಟೆವು. ವಚನ ಹಾಕಿದುದನ್ನು ಅವರಿಗೆ ಮೊದಲೇ ಹೇಳಿರಲಿಲ್ಲ. ಊರು ದಾಟುವಷ್ಟರಲ್ಲಿ ಅವರ ಬಲಗೈ ಮೊಣಕಾಲಿನ ಮೇಲೆ ತಾಳ ಹಾಕಲಾರಂಭಿಸಿತು. ನಡೆದುದನ್ನು ನಾವು ವಿವರಿಸಿದಾಗ, “ನಾ ಮೊದಲೇ ಹೇಳಿದ್ದೆನಲ್ಲ” ಎಂದಷ್ಟೇ ನುಡಿದರು.

ಅವರು ಹೇಳಿದ್ದುದು ನಿಜ. ಯಾವ ಸ್ವರ ಇದೆ, ಯಾವುದು ಇಲ್ಲ ಎಂಬುದನ್ನು ಬೇರ್ಪಡಿಸಿ ಹೇಳಿದ ಅವರ ಆ ಒಂದು ಮಾತು ಒಳ್ಳೆಯ ವೀಕ್ಷಣೆಯಾಗಿತ್ತು. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬನು ಅಂಥ ವೀಕ್ಷಣೆಯನ್ನು ಬರೆದು ತಂದಿದ್ದರೆ ನಾವು ಕುಳಿತು ಲೆಕ್ಕ ಹಾಕುತ್ತಿದ್ದೆವು. ಮುದುಕರೊಬ್ಬರು ಹೇಳಿದರೆಂದು ಅವರ ಕಿವಿಯನ್ನು ಪರೀಕ್ಷಿಸಿದೆವು. ನಮ್ಮ ವಾಚಕರ ಮನೆಗಳಲ್ಲಿಯೂ ಹಿರಿಯರು ಇಂಥ ಮಾತನ್ನು ಆಡಬಹುದು. ಕಿವಿಯ ಪರೀಕ್ಷೆ ಬೇಡವೆಂದಲ್ಲ, ಅದೂ ಆಗಲಿ. ಅದರ ಜೊತೆಗೆ ಯಾವ ಸ್ವರ ಕೇಳಿಸುತ್ತದೆ, ಯಾವುದು ಕೇಳಿಸದು, ಎಲ್ಲಿ ಕೇಳಿಸದು ಎಂದು ಅವರ ಬಳಿ ಕುಳಿತು ಕೇಳಿ ಬರೆದುಕೊಳ್ಳಿರಿ.